ಅಪ್‌ಡೇಟ್: ಚಪ್ಪಟೆ ಆಬ್ಜೆಕ್ಟ್ ಈಗ ನೆಸ್ಟೆಡ್ ಆಗ್ತಿದೆ

'ವಿಳಾಸ.ಊರು', 'ಫೋನ್.0' ತರಹದ ಕೀಗಳಿರುವ ಆಬ್ಜೆಕ್ಟನ್ನು ಜಾವಾಸ್ಕ್ರಿಪ್ಟ್‌ನಲ್ಲಿ ನೆಸ್ಟೆಡ್ (ಒಂದರೊಳಗೊಂದು ಇರುವಂತೆ) ಮಾಡೋದು ಹೇಗೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ, ಈಗ ಕೆಲಸ ಮಾಡ್ತಿದೆ.

ಕೀಯನ್ನು ಚುಕ್ಕಿ ಇರುವಲ್ಲಿ ಸ್ಪ್ಲಿಟ್ ಮಾಡಿ, ಒಂದೊಂದೇ ತುಂಡು ಹಿಡಿದು ಒಳಗಿಳಿಯುತ್ತೇನೆ. ಆ ಮಟ್ಟದಲ್ಲಿ ಏನೂ ಇಲ್ಲದಿದ್ದರೆ ಹೊಸದು ಸೇರಿಸುತ್ತೇನೆ. ಅದು ಅರೇನೋ (ಪಟ್ಟಿ) ಆಬ್ಜೆಕ್ಟೋ ಅನ್ನೋದನ್ನು ಮುಂದಿನ ತುಂಡು ಹೇಳುತ್ತೆ: ಬರೀ ಅಂಕಿಯಾದರೆ ಅರೇ. ಲೋಡ್ಯಾಶ್ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿಯ ಸೆಟ್ ಫಂಕ್ಷನ್ ಕೂಡ ಹೀಗೇ ಮಾಡೋದು. ಆದರೆ 'ಮಾರಾಟ.2024' ಅಂತ ಇಸವಿಯೇ ಕೀ ಆಗಿದ್ದರೆ 2025 ಉದ್ದದ, ಬಹುಪಾಲು ಖಾಲಿ ಅರೇ ಹುಟ್ಟಿಬಿಡುತ್ತೆ! ಅಂಥ ಕಡೆ ಲೋಡ್ಯಾಶ್‌ನದೇ ಸೆಟ್‌ವಿತ್ ಫಂಕ್ಷನ್ ಬಳಸಿ, ಅದರ ಕೊನೆಯ ಆರ್ಗ್ಯುಮೆಂಟ್ ಆಗಿ ಆಬ್ಜೆಕ್ಟ್ (Object) ಅಂತ ಕೊಡಿ.

ಡೇಟಾ ಹೊರಗಿನಿಂದ ಬರೋದಾದರೆ '__ಪ್ರೋಟೋ__' (__proto__), 'ಕನ್‌ಸ್ಟ್ರಕ್ಟರ್' (constructor) ಕೀಗಳನ್ನು ದಯವಿಟ್ಟು ಮೊದಲೇ ತಡೆಯಿರಿ. ಇಲ್ಲದಿದ್ದರೆ ಎಲ್ಲ ಆಬ್ಜೆಕ್ಟ್‌ಗಳೂ ಗುಣಗಳನ್ನು ಪಡೆಯುವ ಮೂಲ ಪ್ರೋಟೋಟೈಪನ್ನೇ ಯಾರಾದರೂ ಕೆಡಿಸಬಹುದು.