ಅಪ್‌ಡೇಟ್: ಕೊನೆಗೂ ಮಿಗ್ ವೆಲ್ಡಿಂಗ್ ಮಷಿನ್ನೇ ತಗೊಂಡೆ

ಹೋದ ತಿಂಗಳು ಕೇಳಿದ್ದೆ, ನೆನಪಿದೆ ಅಲ್ವಾ? ಪುಣೆಯ ಭೋಸರಿಯಲ್ಲಿ ಮನೆ, ಹಳೇ ಕಾರಿನ ನೆಲದ ತಗಡು ತುಕ್ಕು ಹಿಡಿದು ತೂತಾಗಿದೆ, ಬೆಸುಗೆಗೆ ರಾಡ್ ಹಿಡಿದು ಮಾಡುವ ಆರ್ಕ್ ಮಷಿನ್ ಸಾಕಾ, ವೈರ್ ತಾನಾಗೇ ಬರುತ್ತಾ ಹೋಗುವ ಮಿಗ್ ಬೇಕಾ ಅಂತ. ಹೆಚ್ಚಿನವರು ಮಿಗ್ ಅಂದಿರಿ. ನಾನು ಸ್ವಲ್ಪ ಜಿಪುಣ. ಮೊದಲು ಪಕ್ಕದ ಗೇಟು-ಗ್ರಿಲ್ ಅಂಗಡಿಯ ಕಾಕಾ ಹತ್ತಿರ ಆರ್ಕ್ ಮಷಿನ್ ಕೇಳಿ ತಂದೆ. ತಗಡು 0.8 ಮಿ.ಮೀ., ರಾಡ್ 2.5. ತಾಗಿಸಿದ್ದೇ ತಡ, ಬೆರಳು ತೂರುವಷ್ಟು ತೂತು! ಕಾಕಾ ನಕ್ಕು, "ಅರೇ, ಹೇ ಗೇಟ್ ನಾಹೀ" ಅಂದರು. ಇದು ಗೇಟಲ್ಲಪ್ಪ ಅಂತ.

ಆಮೇಲೆ ಗ್ಯಾಸ್ ಇಲ್ಲದೆಯೂ ಓಡುವ ಚಿಕ್ಕ ಮಿಗ್ ತಂದೆ. ವೈರಿನೊಳಗೇ ಫ್ಲಕ್ಸ್ ಇರುತ್ತದೆ, ಅಂದರೆ ಗ್ಯಾಸಿನ ಬದಲು ಬೆಸುಗೆಯನ್ನು ಗಾಳಿಯಿಂದ ಕಾಯುವ ಪುಡಿ. ಮೊದಲ ದಿನ ಬರೀ ಕಿಡಿ, ಬೆಸುಗೆ ಕಾಗೆ ಹಿಕ್ಕೆ ಹಾಕಿದ ಹಾಗೆ. ಸುಮ್ನೆ ಮಷಿನ್ನನ್ನು ಬೈದೆ, ತಪ್ಪು ನನ್ನದೇ. ಫ್ಲಕ್ಸ್ ವೈರಿಗೆ ಟಾರ್ಚ್ (ವೈರ್ ಹೊರಬರುವ ಕೈಹಿಡಿ) ಮೈನಸ್‌ಗೆ, ತಗಡಿಗೆ ಕಚ್ಚಿಸುವ ಅರ್ಥ್ ಕ್ಲ್ಯಾಂಪ್ ಪ್ಲಸ್‌ಗೆ ಹೋಗಬೇಕು. ಗ್ಯಾಸ್ ಹಾಕಿ ಸಾದಾ ವೈರ್ ಓಡಿಸುವಾಗ ಇದರ ಉಲ್ಟಾ. ಅದಲುಬದಲು ಮಾಡಿದೆ ನೋಡಿ, ಸದ್ದೇ ಬದಲಾಯಿತು. ಎಣ್ಣೆಯಲ್ಲಿ ಬಜ್ಜಿ ಬಿಟ್ಟ ಹಾಗೆ ಒಂದೇ ಸಮ ಚುರ್ರ್ ಅನ್ನುತ್ತೆ.

ಈಗ ಉದ್ದಕ್ಕೆ ಎಳೆಯುವುದಿಲ್ಲ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ಆರಲು ಬಿಡುತ್ತೇನೆ. ಇಲ್ಲದಿದ್ದರೆ ತಗಡು ಸೊಟ್ಟಗಾಗುತ್ತೆ. ಬೆಸುಗೆಗೆ ಮೊದಲು ಕಾರಿನ ಬ್ಯಾಟರಿಯ ಮೈನಸ್ ಬಿಚ್ಚಿಡಿ ಅಂದವರಿಗೆ ಥ್ಯಾಂಕ್ಸ್. ಕಾರ್ಪೆಟ್ ತೆಗೆಯಿರಿ ಅಂತ ಮಾತ್ರ ಯಾರೂ ಹೇಳಲಿಲ್ಲ, ಒಂದು ಮೂಲೆ ಹೊಗೆಯಾಡಿತು! ಪಕ್ಕದಲ್ಲೇ ನೀರಿನ ಬಕೆಟ್ ಇತ್ತು, ಬಚಾವಾದೆ.

ನೆಲ ಮುಗಿದಿದೆ. ಬಾಗಿಲಿನ ಕೆಳಗಿನ ಅಂಚು ಬಾಕಿ. ಅದಕ್ಕೆ ಆರ್ಗಾನ್ ಮಿಕ್ಸ್ ಗ್ಯಾಸ್ ಸಿಲಿಂಡರ್ ಬಾಡಿಗೆಗೆ ತರಬೇಕು.