ಮಾರಾಟದ ಮೇಜನ್ನು ನಿಲ್ಲಿಸುವುದು ಬೇಡ ಎನ್ನಲು ನನಗಿರುವ ಕಾರಣಗಳು

ಎಲ್ಲರಿಗೂ ನಮಸ್ಕಾರ. ಸಂದೇಶ ಸ್ವಲ್ಪ ದೀರ್ಘವಾಗುತ್ತದೆ, ಬಿಡುವಾದಾಗ ಕೇಳಿ. ನಮ್ಮ ಸ್ವಯಂಸೇವಕರ ಬಳಗ ತಿಂಗಳಿಗೊಮ್ಮೆ ಇಡುವ ಫೇರ್ ಟ್ರೇಡ್ (ಬೆಳೆಯುವವರಿಗೆ, ತಯಾರಿಸುವವರಿಗೆ ನ್ಯಾಯವಾದ ಬೆಲೆ ಕೊಡುವ ವ್ಯಾಪಾರ) ಸರಕುಗಳ ಮೇಜನ್ನು ನಿಲ್ಲಿಸಿ, ಆ ಶ್ರಮವನ್ನೆಲ್ಲ ದೇಣಿಗೆ ಸಂಗ್ರಹಕ್ಕೆ ಹಾಕಿ, ಬಂದ ಹಣವನ್ನು ಸಂಕಟದಲ್ಲಿರುವ ದೇಶಗಳ ಪರಿಹಾರ ಕಾರ್ಯಕ್ಕೆ ಕಳುಹಿಸಿದರೆ ಹೆಚ್ಚು ಜನರಿಗೆ ಉಪಕಾರವಾಗುವುದಿಲ್ಲವೇ ಎಂದು ಅತ್ತಿಗೆ ನಿನ್ನೆ ಇಲ್ಲಿ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಬರೀ ಒಂದು ಸಾಲಿನಲ್ಲಿ ಉತ್ತರಿಸಿದರೆ ಅದಕ್ಕೆ ಅಗೌರವ ಮಾಡಿದಂತಾಗುತ್ತದೆ ಎಂದು ಒಂದು ದಿನ ತಡೆದೆ.

ಭೂಕಂಪವಾದ ಮರುದಿನ, ಯುದ್ಧದಿಂದ ಜನ ಗುಳೆ ಹೊರಟ ದಿನ, ವ್ಯಾಪಾರದ ಮಾತಿಗೆ ಅರ್ಥವಿಲ್ಲ. ಆಗ ಬೇಕಾಗಿರುವುದು ದಾನವೇ, ಅದೂ ನಗದು ರೂಪದಲ್ಲಿ. ಹಳೆಯ ಬಟ್ಟೆ ಕಳುಹಿಸಬಹುದೇ ಎಂದು ಪ್ರತಿ ಬಾರಿಯೂ ಯಾರಾದರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಆದರೆ ಕೇಳದೆ ಬಂದ ಬಟ್ಟೆಯ ಮೂಟೆಗಳು ಬಂದರುಗಳಲ್ಲಿ ಔಷಧಿಗೂ ಕುಡಿಯುವ ನೀರಿಗೂ ಬೇಕಾದ ಜಾಗವನ್ನು ಆಕ್ರಮಿಸುತ್ತವೆ, ಅವುಗಳನ್ನು ವಿಂಗಡಿಸಲು ದುಡಿಯುವ ಕೈಗಳೂ ವ್ಯರ್ಥವಾಗುತ್ತವೆ. ಹಣವಾದರೆ ಅಲ್ಲಿನ ಮಾರುಕಟ್ಟೆಯಲ್ಲೇ ಖರ್ಚಾಗಿ, ಅಲ್ಲಿನ ಅಂಗಡಿಯವರ ಬದುಕನ್ನೂ ಎತ್ತಿ ನಿಲ್ಲಿಸುತ್ತದೆ. ಈ ಕೆಲಸವನ್ನು ಕಡಿಮೆ ಮಾಡಬೇಕೆಂದು ನಾನು ಎಂದೂ ಹೇಳುವುದಿಲ್ಲ.

ಆದರೆ ಸಣ್ಣ ಬೆಳೆಗಾರನ ಸಂಕಟ ಸುದ್ದಿಯಾಗುವಂಥದ್ದಲ್ಲ, ಅದು ಪ್ರತಿ ಸುಗ್ಗಿಯಲ್ಲೂ ಸದ್ದಿಲ್ಲದೆ ಬರುತ್ತದೆ. ಕಾಫಿಯನ್ನೇ ನೋಡಿ. ರಫ್ತಿನ ಪ್ರಮಾಣವನ್ನು ದೇಶಗಳಿಗೆ ಹಂಚಿ ಬೆಲೆಯನ್ನು ಹಿಡಿದಿಟ್ಟಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ 1989ರ ಜುಲೈನಲ್ಲಿ ಮುರಿದುಬಿದ್ದಾಗ, ಕೆಲವೇ ತಿಂಗಳುಗಳಲ್ಲಿ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಗಿಡ ನೆಟ್ಟು ಮೂರ್ನಾಲ್ಕು ವರ್ಷ ಕಾದವನು ಏನು ತಪ್ಪು ಮಾಡಿದ್ದ? ಅಂಥವನಿಗೆ ನಾವು ಕಳುಹಿಸುವ ದೇಣಿಗೆ ಒಂದು ವರ್ಷ ಕೈಹಿಡಿದೀತು, ಮರುವರ್ಷದ ಬೆಲೆಯನ್ನು ಅದು ಬದಲಿಸುವುದಿಲ್ಲ.

ಫೇರ್ ಟ್ರೇಡ್ ಕೈ ಹಾಕುವುದು ಆ ಬೆಲೆಗೇ. ತೊಳೆದು ಸಂಸ್ಕರಿಸಿದ ಅರೇಬಿಕಾ ಕಾಫಿಗೆ 2023ರ ಆಗಸ್ಟ್‌ನಿಂದ ಪೌಂಡಿಗೆ 1.80 ಡಾಲರ್ ಕನಿಷ್ಠ ಬೆಲೆ ಎಂದು, ಈ ವ್ಯಾಪಾರದ ನಿಯಮಗಳನ್ನು ರೂಪಿಸುವ ಸಂಸ್ಥೆಯಾದ ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್ ನಿಗದಿಪಡಿಸಿದೆ. ಮಾರುಕಟ್ಟೆ ಅದಕ್ಕಿಂತ ಮೇಲೇರಿದರೆ ಆ ಮೇಲಿನ ಬೆಲೆಯನ್ನೇ ಕೊಡಬೇಕು, ಕೆಳಗಿಳಿದರೂ ಇದಕ್ಕಿಂತ ಕಡಿಮೆ ಕೊಡುವಂತಿಲ್ಲ. ಇದರ ಜೊತೆಗೆ ಪೌಂಡಿಗೆ 20 ಸೆಂಟ್ ಪ್ರೀಮಿಯಂ, ಅಂದರೆ ಹೆಚ್ಚುವರಿ ಮೊತ್ತ, ಬೆಳೆಗಾರರ ಸಹಕಾರ ಸಂಘಕ್ಕೆ ಸೇರುತ್ತದೆ. ಆ ಹಣದಿಂದ ಶಾಲೆಯ ಕೊಠಡಿ ಕಟ್ಟಬೇಕೋ, ಕಾಫಿ ಒಣಗಿಸುವ ಕಣ ಮಾಡಿಸಬೇಕೋ ಎಂಬುದನ್ನು ಸದಸ್ಯರೇ ಸಭೆ ಸೇರಿ ತೀರ್ಮಾನಿಸುತ್ತಾರೆ. ನನಗೆ ಇವೆರಡಕ್ಕಿಂತಲೂ ಮುಖ್ಯವಾಗಿ ಕಾಣುವುದು ಮುಂಗಡದ ನಿಯಮ: ಸಂಘ ಕೇಳಿದರೆ ಖರೀದಿದಾರ ಒಪ್ಪಂದದ ಮೊತ್ತದ ಶೇಕಡಾ 60ರವರೆಗೆ ಸರಕು ಸಾಗಿಸುವ ಮೊದಲೇ ಒದಗಿಸಬೇಕಾಗುತ್ತದೆ. ಸಾಲ ತೀರಿಸುವ ಅವಸರಕ್ಕೆ ಬೆಳೆಯನ್ನು ಸಿಕ್ಕಿದ ಬೆಲೆಗೆ ದಲ್ಲಾಳಿಯ ಕೈಗಿಟ್ಟು ಬರುವ ಅನಿವಾರ್ಯತೆಯನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಇದೆಲ್ಲ ಶುರುವಾದದ್ದೂ ನಮ್ಮಂಥ ಸಾಮಾನ್ಯರಿಂದಲೇ. 1946ರಲ್ಲಿ ಪೋರ್ಟೊ ರಿಕೊಗೆ ಹೋಗಿದ್ದ ಎಡ್ನಾ ರೂತ್ ಬೈಲರ್ ಎಂಬ ಅಮೆರಿಕದ ಮಹಿಳೆ, ಅಲ್ಲಿನ ಬಡ ಹೆಂಗಸರು ಮಾಡಿದ ಕಸೂತಿ ಬಟ್ಟೆಗಳನ್ನು ತಂದು ತಮ್ಮ ಪರಿಚಿತರಿಗೆ ಮಾರತೊಡಗಿದರು. ಕಾರಿನ ಡಿಕ್ಕಿಯೇ ಅವರ ಅಂಗಡಿಯಾಗಿತ್ತು. 1988ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮ್ಯಾಕ್ಸ್ ಹಾವೆಲಾರ್ ಎಂಬ, ಸರಕಿನ ಮೇಲೆ ಹಾಕುವ ಮೊದಲ ಫೇರ್ ಟ್ರೇಡ್ ಮುದ್ರೆ ಬಂದದ್ದರ ಹಿಂದೆ ಮೆಕ್ಸಿಕೊದ ಓಹಾಕಾ ಪ್ರಾಂತ್ಯದ ಕಾಫಿ ಬೆಳೆಗಾರರ ಸಂಘದ ಒತ್ತಾಯವಿತ್ತು. ಅವರು ಕೇಳಿದ್ದು ತಮ್ಮ ಬೆಳೆಗೆ ತಕ್ಕ ಬೆಲೆಯನ್ನು, ಭಿಕ್ಷೆಯನ್ನಲ್ಲ.

ಕೊರತೆಗಳನ್ನು ಮುಚ್ಚಿಟ್ಟು ನಾನು ವಾದಿಸಲಾರೆ. ಫೇರ್ ಟ್ರೇಡ್ ಪ್ರಮಾಣಪತ್ರಕ್ಕೆ ಬೆಳೆಗಾರರ ಸಂಘಗಳು ಶುಲ್ಕ ತೆರಬೇಕು. ಸಣ್ಣ ಹಿಡುವಳಿಗಳಲ್ಲಿ ದಿನಗೂಲಿಗೆ ಬರುವವರಿಗೆ ಈ ಲಾಭ ಬಹುಪಾಲು ತಲುಪುವುದೇ ಇಲ್ಲ, ಇದು ನನ್ನನ್ನು ನಿಜವಾಗಿಯೂ ಕಾಡುವ ವಿಷಯ. ಇನ್ನೊಂದು ಮಾತು: ಪ್ರಮಾಣಪತ್ರ ಪಡೆದ ಸಂಘಗಳು ತಮ್ಮ ಬೆಳೆಯಲ್ಲಿ ಒಂದು ಭಾಗವನ್ನಷ್ಟೇ ಈ ಷರತ್ತುಗಳ ಮೇಲೆ ಮಾರಬಲ್ಲವು, ಏಕೆಂದರೆ ಕೊಳ್ಳುವವರು ಅಷ್ಟೇ ಇದ್ದಾರೆ, ಉಳಿದದ್ದು ಮಾಮೂಲಿ ಬೆಲೆಗೇ ಹೋಗುತ್ತದೆ. ಅತ್ತಿಗೆ, ಮೇಜನ್ನು ನಿಲ್ಲಿಸಬಾರದು ಎಂದು ನಾನು ಹಟ ಹಿಡಿದಿರುವುದು ಇದೇ ಕಾರಣಕ್ಕೆ. ಬೆಳೆಯುವವರು ಸಿದ್ಧರಿದ್ದಾರೆ, ಸಾಲದಿರುವುದು ಕೊಳ್ಳುವವರು. ಮೇಜಿನ ಮುಂದೆ ನಿಂತು, ಈ ಮುದ್ರೆಯ ಅರ್ಥವೇನು ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಂಡು ಹೋದವರು ಮುಂದಿನ ತಿಂಗಳು ತಾವಾಗಿಯೇ ಬಂದದ್ದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ದೇಣಿಗೆ ಡಬ್ಬಿಯ ಮುಂದೆ ಅಷ್ಟು ಮಾತು ನಡೆಯುವುದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಪರಿಹಾರದ ದೇಣಿಗೆಗೂ ಮಾರಾಟಕ್ಕೂ ಪ್ರತ್ಯೇಕ ಲೆಕ್ಕಪುಸ್ತಕ ಇಡೋಣ, ಎರಡನ್ನೂ ಮೂರು ತಿಂಗಳಿಗೊಮ್ಮೆ ಇಲ್ಲಿಯೇ ಹಾಕೋಣ, ಮಾರಾಟದಲ್ಲಿ ಉಳಿಯುವ ಅಲ್ಪ ಲಾಭವನ್ನು ಪರಿಹಾರ ನಿಧಿಗೆ ವರ್ಗಾಯಿಸೋಣ. ಮೇ ತಿಂಗಳ ಎರಡನೇ ಶನಿವಾರ ವಿಶ್ವ ಫೇರ್ ಟ್ರೇಡ್ ದಿನ. ಅಂದು ದಿನವಿಡೀ ಮೇಜಿನ ಬಳಿ ಇರಲು ಇನ್ನೂ ಇಬ್ಬರು ಬೇಕು. ಅತ್ತಿಗೆ, ಬೆಳಗಿನ ಪಾಳಿಗೆ ನೀವು ನನ್ನ ಜೊತೆ ಕೂರುತ್ತೀರಾ? ಎರಡನೆಯವರು ಯಾರೆಂದು ಉಳಿದವರು ತಿಳಿಸಿ.