ಎನ್‌ಎಸ್‌ಎಸ್ ಸೇರಿದರೆ ನಿಜವಾಗಿ ಸೇವೆಯ ಕೆಲಸ ಇರುತ್ತದಾ?

ಪ್ರಶ್ನೆ: ಮಗಳು ಡಿಗ್ರಿ ಮೊದಲ ವರ್ಷ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಸೇರುತ್ತೇನೆ ಅನ್ನುತ್ತಿದ್ದಾಳೆ. ಸುಮ್ನೆ ಸರ್ಟಿಫಿಕೇಟಿಗಾ?

ಉತ್ತರ 1: ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ 7 ದಿನದ ಶಿಬಿರ. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾಗಿದ್ದು. ನಾನು ಹೋದ ಶಿಬಿರದಲ್ಲಿ ಬೆಳಿಗ್ಗೆ ಚರಂಡಿ ಬಳಿದು, ಸಂಜೆ ಮನೆಮನೆ ಸುತ್ತಿ ಸರ್ವೆ ಮಾಡಿ, ರಾತ್ರಿ ಶಾಲೆಯ ನೆಲದ ಮೇಲೆ ಮಲಗಿದರೆ ಸೊಳ್ಳೆ ಕಾಟ, ಆದರೂ ಆ ಊರಿನ ಅಜ್ಜಿ ತಂದುಕೊಟ್ಟ ರೊಟ್ಟಿ ಇನ್ನೂ ನೆನಪಿದೆ.

ಉತ್ತರ 2: ನಮ್ಮ ಕಾಲೇಜಿನಲ್ಲಿ ಫೋಟೊಗೆ ಪೊರಕೆ ಹಿಡಿದದ್ದೇ ಜಾಸ್ತಿ. ಎಲ್ಲವೂ ಕಾಲೇಜಿನ ಘಟಕದ ಅಧಿಕಾರಿ ಮೇಲೆ ನಿಂತಿದೆ. ಸೀನಿಯರ್‌ಗಳನ್ನು ಕೇಳಿ ನೋಡಿ.

ಉತ್ತರ 3: 2023ರಲ್ಲಿ ಯುವಜನರ ಸ್ವಯಂಸೇವೆಗೆ ಕೇಂದ್ರ ಸರ್ಕಾರ ತಂದ ಮೈ ಭಾರತ್ ಪೋರ್ಟಲ್ ಕೂಡ ಇದೆ, 15ರಿಂದ 29 ವಯಸ್ಸಿನವರಿಗೆ.

ಪ್ರಶ್ನೆ ಕೇಳಿದವರು: ಸರಿ, ಸೊಳ್ಳೆ ಪರದೆ ಕೊಟ್ಟೇ ಕಳಿಸುತ್ತೇನೆ!